ಹೆಸರಿನ ಹೊಲದಲ್ಲಿ ಡಿಜೆ ಬೀರ್

ನನ್ನ ಹೆಸರು ಬೀರಲಿಂಗ, ಊರು ಕುಂದಗೋಳ ತಾಲೂಕಿನ ಕುಬಿಹಾಳ. ನಮ್ಮದು ಕುರಿ ಸಾಕುವ ಮನೆತನ. ಅಪ್ಪ ತೀರಿಕೊಂಡ ಮೇಲೆ ನಲವತ್ತು ಕುರಿ, ಎರಡು ಎಕರೆ ಕರಿ ಮಣ್ಣಿನ ಎರಿ ಹೊಲ ಮತ್ತು ನನ್ನನ್ನು ಅವ್ವ ಮಲ್ಲಕ್ಕ ಒಂದೇ ಬಡಿಗೆಯಿಂದ ಸಂಭಾಳಿಸಿದಳು. ಕುರಿಗಳು ಹಾದಿಗೆ ಬಂದವು, ಹೊಲವೂ ತಕ್ಕಮಟ್ಟಿಗೆ ಬೆಳೆ ಕೊಟ್ಟಿತು. ನಾನು ಡಿಜೆ ಆದೆ.

ಡಿಜೆ ಎಂದರೆ ಹಾಡು ಹಚ್ಚುವವನು ಎಂದು ನಮ್ಮ ಕಡೆ ತಿಳಿದಿದ್ದಾರೆ. ಹಾಗಲ್ಲ, ನಾನು ಸಂಗೀತವನ್ನು ತಯಾರಿಸುವವನು, ಪ್ರೊಡ್ಯೂಸರ್ ಎಂದು ಹತ್ತು ವರ್ಷ ಎಲ್ಲರಿಗೂ ಬಿಡಿಸಿ ಹೇಳುತ್ತ ಬಂದೆ. ಅದರ ಫಲವಾಗಿ ಮಗ ಸಿನಿಮಾ ತೆಗೆಯುತ್ತಾನೆಂದು ಅವ್ವ ಓಣಿಯಲ್ಲಿ ಹೇಳಿಕೊಂಡು ಬಂದಳು. ಇಬ್ಬರು ಮನೆಗೆ ಬಂದು ಪಾತ್ರ ಕೇಳಿದರು.

ಇದೆಲ್ಲ ಶುರುವಾದದ್ದು ಕುಂದಗೋಳದ ಬಸ್ ಸ್ಟ್ಯಾಂಡ್ ಬಾಜೂಕಿನ ಮಹಬೂಬಸಾಬರ ಮೊಬೈಲ್ ಅಂಗಡಿಯಲ್ಲಿ. ಐಟಿಐ ಅರ್ಧಕ್ಕೆ ಬಿಟ್ಟು ನಾನು ಅಲ್ಲಿ ಕೆಲಸಕ್ಕೆ ಸೇರಿದ್ದೆ. ಫೋನಿನ ಗಾಜು ಬದಲಿಸುವುದು, ಜನರ ಮೆಮರಿ ಕಾರ್ಡುಗಳಿಗೆ ಹಾಡು ತುಂಬುವುದು ನನ್ನ ಕೆಲಸ. ಅಂಗಡಿಯ ಹಳೆಯ ಕಂಪ್ಯೂಟರಿನಲ್ಲಿ ಹಾಡು ಕತ್ತರಿಸಿ ಜೋಡಿಸುವ ಒಂದು ಸಾಫ್ಟ್‌ವೇರ್ ಇತ್ತು. ಒಂದು ಮಧ್ಯಾಹ್ನ ಗಿರಾಕಿ ಇಲ್ಲದಾಗ ಒಂದು ಮದುವೆ ಹಾಡಿನ ಕೆಳಗೆ ಧಬ್ ಧಬ್ ಎಂಬ ಬೇಸ್ ಕೂಡಿಸಿದೆ. ಮಾಡಿ ಮುಗಿಸಿ ಕೇಳಿದಾಗ ನನ್ನ ಕಣ್ಣಲ್ಲಿ ನೀರು ಬಂತು. ಇಷ್ಟು ದೊಡ್ಡ ಪ್ರತಿಭೆ ಕುಬಿಹಾಳದಂಥ ಊರಲ್ಲಿ ಇಷ್ಟು ದಿನ ಕುರಿಗಳ ನಡುವೆ ಇತ್ತಲ್ಲ ಎಂದು ದುಃಖವಾಯಿತು.

ಅದನ್ನು ಒಬ್ಬ ಟ್ರ್ಯಾಕ್ಟರ್ ಚಾಲಕನ ಪೆನ್‌ಡ್ರೈವಿಗೆ ಸೇರಿಸಿದೆ. ನಾಲ್ಕು ದಿನದ ಮೇಲೆ ಅದೇ ಹಾಡು ಹಚ್ಚಿಕೊಂಡು ಅವನು ಅಂಗಡಿಯ ಮುಂದೆ ಹಾದುಹೋದ. ಓಡಿಹೋಗಿ ನಿಲ್ಲಿಸಿ, ಇದು ನಾನು ಮಾಡಿದ್ದು ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಇದು ಮುಧೋಳದ ಕಡೆಯ ಡಿಜೆಗಳದ್ದು, ನಿನ್ನಂಥವರಿಗೆ ಇದು ಆಗುವ ಕೆಲಸವಲ್ಲ ಎಂದು ಗಾಡಿ ಬಿಟ್ಟ. ಅವತ್ತೇ ನಿರ್ಧರಿಸಿದೆ. ನನ್ನ ಸಂಗೀತದಲ್ಲಿ ನನ್ನ ಹೆಸರು ಇರಬೇಕು, ಯಾರೂ ಅಳಿಸದಂತೆ ಇರಬೇಕು.

ಬೀರಲಿಂಗ ಎಂಬುದು ಪೋಸ್ಟರಿಗೆ ಉದ್ದವಾಯಿತೆಂದು ನಾನೇ ಕತ್ತರಿಸಿ ‘ಡಿಜೆ ಬೀರ್’ ಎಂದು ಮಾಡಿಕೊಂಡೆ. ದೇವರ ಹೆಸರನ್ನು ಅರ್ಧಕ್ಕೆ ತುಂಡರಿಸಿದರೆ ಏನು ಉಳಿಯುತ್ತದೆಂದು ಆಗ ಹೊಳೆಯಲಿಲ್ಲ. ಮುಂದೆ ಅಣ್ಣಿಗೇರಿಯಲ್ಲಿ ಒಬ್ಬ ಶರಣರ ಮನೆಯ ಮದುವೆಗೆ ಹೋದಾಗ, ಗಾಡಿಯ ಬೋರ್ಡ್ ಓದಿದ ಯಜಮಾನರು ಎರಡೂ ಕೈ ಚಾಚಿ ಅಡ್ಡ ನಿಂತು, ತಮ್ಮ ಮನೆಯಲ್ಲಿ ಶೆರೆ ನಡೆಯುವುದಿಲ್ಲ ಎಂದರು. ಇದು ಕುಡಿಯುವ ಬೀರ್ ಅಲ್ಲ, ಬೀರಪ್ಪ ದೇವರು ಎಂದು ಹೇಳಿದ್ದಕ್ಕೆ ಅವರಿಗೆ ಇನ್ನೂ ಸಿಟ್ಟು ಬಂತು. ಕೊನೆಗೆ ಅವರ ಮನೆಯ ಕೌದಿಯೊಂದನ್ನು ಬೋರ್ಡಿನ ಮೇಲೆ ಹೊದಿಸಿ ಹಾಡು ಹಚ್ಚಬೇಕಾಯಿತು.

ಹೆಸರು ಸಿಕ್ಕಿತು, ಅದನ್ನು ಹೇಳಲು ಒಂದು ದನಿ ಬೇಕಾಗಿತ್ತು. ನನ್ನ ದನಿಯಲ್ಲಿ ಹೇಳಿ ನೋಡಿದೆ. ಕುರಿ ಕರೆದಂತೆ ಬಂತು. ಮಹಬೂಬಸಾಬರ ಮಗಳು ಖುಷ್ಬೂ ಆಗ ಪಿಯುಸಿ ಓದುತ್ತಿದ್ದಳು. ಮಧ್ಯಾಹ್ನ ಅಪ್ಪನಿಗೆ ಬುತ್ತಿ ತರುತ್ತಿದ್ದಳು. ಶಾಲೆಯ ಪ್ರಾರ್ಥನೆಯಲ್ಲಿ ಆರು ವರ್ಷ ಸುದ್ದಿ ಓದಿದವಳು. ಒಂದೊಂದು ಅಕ್ಷರವೂ ಹೊಸ ನಾಣ್ಯದಂತೆ ಬೀಳುತ್ತಿತ್ತು. ಒಂದು ಹಾಡಿಗೆ ಒಂದೇ ಮಾತು ಬೇಕು ಎಂದು ಕೇಳಿದೆ. ಅವಳು ನಕ್ಕು ಒಪ್ಪಿದಳು. ಬಸ್ಸಿನ ಹಾರ್ನ್ ಕೇಳಿಸಬಾರದೆಂದು ಶಟರ್ ಅರ್ಧ ಎಳೆದೆವು. ಅವಳು ಫೋನಿನ ಮುಂದೆ ನೆಟ್ಟಗೆ ನಿಂತು ಒಂದೇ ಉಸಿರಿಗೆ ಹೇಳಿದಳು: “ಡಿಜೆ ಬೀರ್, ಕುಬಿಹಾಳ.”

ನಾನು ಅದಕ್ಕೆ ಪ್ರತಿಧ್ವನಿ ಕೂಡಿಸಿದೆ. ಪ್ರತಿಧ್ವನಿ ಯಾವಾಗಲೂ ಕೊನೆಯ ಅಕ್ಷರಗಳನ್ನೇ ಹಿಡಿಯುತ್ತದೆ. ಹೀಗಾಗಿ ಅದು ಕುಬಿಹಾಳ, ಹಾಳ, ಹಾಳ, ಹಾಳ ಎಂದು ಕೇಳತೊಡಗಿತು. ಮನೆಯಲ್ಲಿ ಅವ್ವನಿಗೆ ಕೇಳಿಸಿದೆ. ಅವಳು ಜೋಳ ಹಸನು ಮಾಡುವುದನ್ನು ನಿಲ್ಲಿಸಲಿಲ್ಲ.

“ನಿನ್ನ ಹಣೇಬಾರ ಆ ಹುಡುಗಿಗೆ ಹೆಂಗ ತಿಳೀತು?” ಎಂದಳು.

ಒಂದು ಹಾಡಿಗೆಂದು ಕೇಳಿದ ಆ ಮಾತನ್ನು ನಾನು ಅರವತ್ತು ಹಾಡುಗಳಿಗೆ ಹಾಕಿದೆ. ಹದಿನೈದು ಸೆಕೆಂಡಿಗೊಮ್ಮೆ ಬರುವಂತೆ ಹಾಕಿದೆ, ಕದಿಯುವವರಿಗೆ ಕತ್ತರಿಸಲು ಜಾಗವೇ ಸಿಗಬಾರದು ಎಂದು. ಕೆಲವು ಕಡೆ ಹಾಡಿನ ಸಾಹಿತ್ಯವೇ ಮುಚ್ಚಿಹೋಯಿತು. ಮಹಬೂಬಸಾಬರು ಪೂರ್ತಿ ಕೇಳಿ, ನಡುನಡುವೆ ಹಾಡೂ ಬರುತ್ತದಲ್ಲ, ಒಳ್ಳೆಯದಾಯಿತು ಎಂದರು. ಅದನ್ನು ನಾನು ಮೆಚ್ಚುಗೆಯೆಂದೇ ತೆಗೆದುಕೊಂಡೆ. ಖುಷ್ಬೂಗೆ ಹೇಳಬೇಕು, ಕೇಳಬೇಕು ಎಂಬುದು ತಲೆಗೇ ಬರಲಿಲ್ಲ. ಅಷ್ಟರಲ್ಲಿ ಅವಳು ಡಿಗ್ರಿಗೆಂದು ಧಾರವಾಡದ ಹಾಸ್ಟೆಲಿಗೆ ಹೋಗಿದ್ದಳು.

ನಮ್ಮೂರಿನ ಸುಭಾಸನ ಹತ್ತಿರ ಒಂದು ಟೆಂಪೋ ಇತ್ತು, ಅವನ ಮಾವನ ಹತ್ತಿರ ಎಂಟು ದೊಡ್ಡ ಸ್ಪೀಕರುಗಳಿದ್ದವು. ಮೂವರ ಆಸ್ತಿ ಒಂದಾಯಿತು. ನನ್ನದು ಪ್ರತಿಭೆ ಮಾತ್ರ. ಮದುವೆ, ಮೆರವಣಿಗೆ, ಗೆದ್ದವರ ವಿಜಯೋತ್ಸವ, ಎಲ್ಲಿ ಕರೆದರೂ ಹೋದೆವು. ಕಲಘಟಗಿ ತಾಲೂಕಿನ ತಂಬೂರಿನಲ್ಲಿ ಹೊಳೆಪ್ಪ ಎಂಬವರ ಮಗಳ ಮದುವೆ. ಆ ಕಡೆ ಹಂಚಿನ ಮನೆಗಳು. ನನ್ನ ಬೇಸ್ ಶುರುವಾದ ಐದು ನಿಮಿಷಕ್ಕೆ ಎರಡು ಹಂಚು ಜಾರಿ ಹುಗ್ಗಿಯ ಹಂಡೆಯಲ್ಲಿ ಬಿದ್ದವು. ಹೊಳೆಪ್ಪ ಓಡಿ ಬಂದರು. ಬೈಯಲು ಬಂದರೆಂದು ನಾನು ಟೆಂಪೋದ ಹಿಂದೆ ಸರಿದೆ. ಅವರು ಬಂದದ್ದು ಬೇರೆ ಕೆಲಸಕ್ಕೆ. ಸ್ಪೀಕರಿನ ಮುಖವನ್ನು ಎಡಗಡೆಯ ಮನೆಗೆ ತಿರುಗಿಸಬೇಕಂತೆ. ಆ ಮನೆಯವರೊಡನೆ ಅವರಿಗೆ ಗೋಡೆಯ ತಕರಾರಿತ್ತು.

ಇದೆಲ್ಲ ನನಗೆ ಸಣ್ಣದಾಗಿ ಕಾಣತೊಡಗಿತು. ಬೇರೆಯವರ ಹಾಡಿಗೆ ಬೇಸ್ ಕೂಡಿಸುವುದು ಬೇರೆಯವರ ಸಾರಿಗೆ ಒಗ್ಗರಣೆ ಹಾಕಿದಂತೆ, ನಾನು ನನ್ನದೇ ಅಡುಗೆ ಮಾಡಬೇಕು ಎಂದುಕೊಂಡೆ. ಹಳೆಯ ಲ್ಯಾಪ್‌ಟಾಪ್ ಒಂದನ್ನು ಹೊಂದಿಸಿಕೊಂಡು, ಕಿವಿಗೆ ದೊಡ್ಡ ಹೆಡ್‌ಫೋನ್ ಏರಿಸಿ ಎಂಟು ತಿಂಗಳು ಕೂತೆ. ಹಾಡಿಲ್ಲ, ಮಾತಿಲ್ಲ, ಕೇವಲ ಯಂತ್ರದೊಳಗಿಂದ ಹುಟ್ಟಿಸಿದ ಸದ್ದು. ಹನ್ನೊಂದು ನಿಮಿಷ. ‘ಎರಿ’ ಎಂದು ಹೆಸರಿಟ್ಟೆ. ಅದರಲ್ಲೂ ಖುಷ್ಬೂ ಹದಿನೈದು ಸೆಕೆಂಡಿಗೊಮ್ಮೆ ಬಂದು ನನ್ನ ಹೆಸರು ಹೇಳಿ ಹೋಗುತ್ತಿದ್ದಳು.

ಇಂಟರ್‌ನೆಟ್ಟಿಗೆ ಹಾಕಿದ ಮೇಲೆ ಒಂದು ತಿಂಗಳಲ್ಲಿ ಐವತ್ಮೂರು ಜನ ಕೇಳಿದರು. ಅದರಲ್ಲಿ ನಲವತ್ತು ಸಲ ನಾನೇ. ಉಳಿದವು ಬಹುತೇಕ ಅಂಗಡಿಗೆ ದುರಸ್ತಿಗೆ ಬಂದ ಫೋನುಗಳು. ಗಾಜು ಬದಲಿಸಿದ ಮೇಲೆ ಸ್ಪೀಕರ್ ಪರೀಕ್ಷೆಯ ನೆಪದಲ್ಲಿ ಅವುಗಳಲ್ಲಿ ‘ಎರಿ’ ಹಚ್ಚುತ್ತಿದ್ದೆ. ಕೆಳಗೆ ಒಂದೇ ಒಂದು ಅಭಿಪ್ರಾಯ ಬಂದಿತ್ತು. ಅಣ್ಣಾ, ಹಾಡು ಯಾವಾಗ ಚಾಲೂ ಆಗತೈತಿ ಎಂದು. ಬರೆದವನು ಸುಭಾಸ.

ಹುಬ್ಬಳ್ಳಿಯ ಹೊರಗಿನ ಒಂದು ರೆಸಾರ್ಟಿನಲ್ಲಿ ಡಿಜೆಗಳ ದೊಡ್ಡ ಕಾರ್ಯಕ್ರಮವಿದೆ ಎಂದು ತಿಳಿದು ಅರ್ಜಿ ಹಾಕಿದೆ. ಕರೆದರು. ನನಗೆ ಕೊಟ್ಟ ಸಮಯ ಮಧ್ಯಾಹ್ನ ಮೂರು. ಹೊಸ ಕರಿ ಟೋಪಿ ಹಾಕಿಕೊಂಡು ವೇದಿಕೆ ಏರಿದರೆ ಎದುರಿಗೆ ಬಿಸಿಲು, ಇನ್ನೂರು ಖಾಲಿ ಕುರ್ಚಿ. ಇಬ್ಬರು ಹೆಣ್ಣುಮಕ್ಕಳು ಕುರ್ಚಿ ಒರೆಸುತ್ತಿದ್ದರು. ಹನ್ನೊಂದು ನಿಮಿಷ ಕಣ್ಣು ಮುಚ್ಚಿ, ಒಂದು ಕೈ ಮೇಲೆತ್ತಿ ನುಡಿಸಿದೆ. ಮುಗಿದಾಗ ಒಬ್ಬಾಕೆ ಹತ್ತಿರ ಬಂದು, ಮೋಟಾರಿನ ಸದ್ದು ಈಗ ನಿಂತಿದೆ, ಟಾಕಿ ತುಂಬಿತೋ ನೋಡಿ ಹೇಳುತ್ತೀರಾ ಎಂದು ಕೇಳಿದಳು.

ಅದಾದ ಮೇಲೆ ನಾನು ಕೆಲವು ದಿನ ಟೋಪಿ ಹಾಕಲಿಲ್ಲ.

ಆಷಾಢದಲ್ಲಿ ಒಂದು ಬೆಳಿಗ್ಗೆ ಅಂಗಡಿಯ ಮುಂದೆ ಒಂದು ಬೈಕ್ ನಿಂತಿತು. ಬಂದವರು ಗೌರೀಶ, ನವಲಗುಂದ ತಾಲೂಕಿನ ತಿರ್ಲಾಪುರದವರು. ಹೆಂಡತಿಯ ತವರು ಕುಂದಗೋಳ. ಹಿಂದಿನ ವಾರ ಇಲ್ಲಿಗೆ ಬಂದಾಗ ಫೋನಿನ ಗಾಜು ಹಾಕಿಸಿಕೊಂಡು ಹೋಗಿದ್ದರು. ಅವರು ಹಣೆಯ ಮೇಲೆ ವಿಭೂತಿ, ಜೇಬಿನಲ್ಲಿ ಎರಡು ಪೆನ್ನು ಇಟ್ಟುಕೊಂಡ ಗಂಭೀರ ಮನುಷ್ಯ. ಫೋನ್ ತೆಗೆದು ‘ಎರಿ’ ಹಚ್ಚಿ ನನ್ನ ಮುಖದ ಮುಂದೆ ಹಿಡಿದರು.

“ಇದನ್ನ ನನ್ನ ಫೋನಿನ್ಯಾಗ ಅಲಾರಾಂ ಮಾಡಿ ಇಟ್ಟಾವ ನೀನ ಏನು?”

ನನಗೆ ನೆನಪಾಯಿತು. ಕೇಳುಗರ ಸಂಖ್ಯೆ ಹೆಚ್ಚಲೆಂದು ಕೆಲವರ ಫೋನಿನಲ್ಲಿ ಅದನ್ನೂ ಮಾಡಿದ್ದೆ. ತಪ್ಪಾಯಿತು ಎಂದೆ.

“ತಪ್ಪ ಬಿಡು. ಇದರಾಗ ಇನ್ನ ದೊಡ್ಡ ಸಪ್ಪಳದ್ದು ಐತೇನು? ನಮ್ಮ ಹೊಲಕ್ಕ ಬೇಕಾಗಿತ್ತು.”

ಆಗಿದ್ದಿಷ್ಟು. ಗೌರೀಶರು ಎಂಟು ಎಕರೆ ಹೆಸರು ಬಿತ್ತಿದ್ದರು. ಹೆಸರು ಎರಡೆಲೆ ಒಡೆದ ದಿನದಿಂದ ಚಿಗರಿಗಳ, ಅಂದರೆ ಕೃಷ್ಣಮೃಗಗಳ, ಹಿಂಡು ಬೆಳಗಿನ ಜಾವ ಬಂದು ಕುಡಿ ಮೇಯುತ್ತಿತ್ತು. ಬೆದರುಬೊಂಬೆಗೆ ಅವು ಹೆದರಲಿಲ್ಲ, ಪಟಾಕಿಗೆ ಎರಡು ದಿನ ಹೆದರಿದವು. ಹೊಡೆಯುವಂತಿಲ್ಲ, ಕಾನೂನು ಬಿಡುವುದಿಲ್ಲ, ಅವರ ಮನಸ್ಸೂ ಬಿಡುವುದಿಲ್ಲ. ಹೊಲ ನೋಡಲು ಹೋಗಿ ಬದುವಿನ ಮೇಲೆ ಕೂತಿದ್ದಾಗ ಐದೂವರೆಗೆ ಅಲಾರಾಂ ಹೊಡೆದುಕೊಂಡಿತು. ಅಂಗಿಯ ಜೇಬಿನಿಂದ ‘ಎರಿ’ ಎದ್ದಿತು. ಬೇಸ್ ಬಂದದ್ದೇ ಹನ್ನೆರಡು ಚಿಗರಿಗಳು ಹಿಂದೆ ನೋಡದೆ ಓಡಿದವು.

ನನಗೆ ಅವಮಾನವಾಯಿತು. ಎಂಟು ತಿಂಗಳ ತಪಸ್ಸು ಬೆದರುಬೊಂಬೆಯ ಕೆಲಸಕ್ಕೆ ಬಂತಲ್ಲ ಎಂದು. ಆದರೆ ನನ್ನ ಸಂಗೀತ ಬೇಕು ಎಂದು ಐವತ್ತು ಕಿಲೋಮೀಟರ್ ಬೈಕ್ ಓಡಿಸಿಕೊಂಡು ಬಂದ ಮೊದಲ ಮನುಷ್ಯ ಅವರು. ಮರುದಿನವೇ ಹೋದೆ.

ಹೊಲದ ಬೇವಿನ ಮರಕ್ಕೆ ಒಂದು ಹಾರ್ನ್ ಸ್ಪೀಕರ್ ಕಟ್ಟಿ, ಟ್ರ್ಯಾಕ್ಟರಿನ ಬ್ಯಾಟರಿ ಜೋಡಿಸಿ, ನಾನು ಮತ್ತು ಗೌರೀಶ ಬದುವಿನ ಹಿಂದೆ ಕೂತೆವು. ಬೆಳಕು ಹರಿಯುವಾಗ ಹಿಂಡು ಬಂತು. ‘ಎರಿ’ಯ ಮೊದಲ ಎರಡು ನಿಮಿಷ ಮೆಲ್ಲಗೆ ಏರುತ್ತದೆ, ಚಿಗರಿಗಳು ಮೇಯುತ್ತಲೇ ಇದ್ದವು. ಆಮೇಲೆ ಬೇಸ್ ಬಿತ್ತು, ಜೊತೆಗೆ ಖುಷ್ಬೂ ಮತ್ತೊಮ್ಮೆ ನನ್ನ ಹೆಸರು ಹೇಳಿದಳು. ನನ್ನ ಸಂಗೀತಕ್ಕೆ ಎದ್ದು ಕುಣಿದ ಮೊದಲ ಸಭಿಕರು ಅವರೇ. ಆಳೆತ್ತರ ಜಿಗಿಯುತ್ತ, ಜಿಗಿಯುತ್ತ, ಸೀಮೆ ದಾಟಿ ಹೋದರು.

ಸುದ್ದಿ ಹಬ್ಬಿತು. ತಿರ್ಲಾಪುರ, ಅದರ ಸುತ್ತಲ ಹಳ್ಳಿಗಳು, ಅಣ್ಣಿಗೇರಿಯ ಕಡೆಯ ಹೊಲಗಳು, ಎಲ್ಲೆಲ್ಲಿಂದಲೋ ಬಂದು ರೈತರು ‘ಎರಿ’ ತುಂಬಿಸಿಕೊಂಡು ಹೋದರು. ಹತ್ತು ವರ್ಷ ಹೆಸರು ಮಾಡಬೇಕೆಂದು ಒದ್ದಾಡಿದವನು ಕೊನೆಗೂ ಹೆಸರು ಮಾಡಿದೆ, ಹೆಸರಿನ ಹೊಲದಲ್ಲಿ. ನನ್ನನ್ನು ಚಿಗರಿ ಡಿಜೆ ಎಂದು ಕರೆಯತೊಡಗಿದರು. ನಾನು ಮತ್ತೆ ಟೋಪಿ ಹಾಕಿದೆ.

ಹನ್ನೆರಡನೆಯ ದಿನ ಗೌರೀಶ ಫೋನ್ ಮಾಡಿ, ಬಂದು ನೋಡು ಎಂದಷ್ಟೇ ಹೇಳಿ ಇಟ್ಟರು. ಹೋಗಿ ನೋಡಿದೆ. ಸ್ಪೀಕರ್ ಪೂರ್ತಿ ಸದ್ದಿನಲ್ಲಿ ಒದರುತ್ತಿತ್ತು. ಅದರ ಕೆಳಗೆ, ಬೇವಿನ ಬುಡದಲ್ಲಿ, ಕೊಂಬಿನ ಒಂದು ದೊಡ್ಡ ಗಂಡು ಚಿಗರಿ ಕಾಲು ಮಡಚಿ ಮಲಗಿ ಮೆಲುಕು ಹಾಕುತ್ತಿತ್ತು. ಉಳಿದವು ಹೆಸರು ಮೇಯುತ್ತಿದ್ದವು. ಒಂದು ಮರಿ ಬೇಸಿಗೆ ಸರಿಯಾಗಿ ಕಿವಿ ಅಲುಗಿಸುತ್ತಿತ್ತೆಂದು ನನಗೆ ಅನ್ನಿಸಿತು. ಅದನ್ನು ಗೌರೀಶರಿಗೆ ಹೇಳುವ ಧೈರ್ಯವಾಗಲಿಲ್ಲ.

ಅವರ ತಾಯಿ ನೀಲಕ್ಕ ರೊಟ್ಟಿ ಬುತ್ತಿ ಹಿಡಿದು ಬಂದಿದ್ದರು. ಎಪ್ಪತ್ತು ದಾಟಿದ ಹೆಂಗಸು. ಸಪ್ಪಳ ಇನ್ನೂ ಜೋರು ಮಾಡುತ್ತೇನೆ ಎಂದು ನಾನು ಹೇಳುತ್ತಿದ್ದಾಗ ಅವರು ನನ್ನ ಕೈಗೆ ರೊಟ್ಟಿ ಇಟ್ಟು ಕೂತರು.

“ಜೋರ ಮಾಡಿದ್ರ ಅದಕ್ಕೂ ಹೊಂದಿಕೊಂತಾವ. ನಾ ಮದವಿ ಆಗಿ ಈ ಮನಿಗೆ ಬಂದಾಗ ನಮ್ಮ ಅತ್ತಿ ಮುಂಜಾನಿಂದ ಸಂಜಿತನಾ ಬೈತಿದ್ಲು. ತಿಂಗಳದಾಗ ರೂಢಿ ಆತು. ಒಂದಿನ ಆಕಿ ಒಮ್ಮಿಂದೊಮ್ಮೆಲೆ ಸುಮ್ಮಾದ್ಲು ನೋಡು. ಅವತ್ತ ನನ್ನ ಎದಿ ಹೊಡಕೊಂತು.”

ನಾನು ಅದನ್ನು ಮುದುಕಿಯ ಮಾತೆಂದು ರೊಟ್ಟಿಯ ಜೊತೆ ನುಂಗಿದೆ. ಆದರೆ ಮರುದಿನ ಬೆಳಿಗ್ಗೆ ಬ್ಯಾಟರಿಯ ಒಂದು ತಂತಿ ಕಳಚಿಕೊಂಡಿತು. ಸದ್ದು ಥಟ್ಟನೆ ನಿಂತಿತು. ಹನ್ನೆರಡೂ ಚಿಗರಿಗಳು ಒಮ್ಮೆಲೇ ತಲೆ ಎತ್ತಿದವು. ಮೇಯುವುದು ನಿಂತಿತು, ಮೆಲುಕು ನಿಂತಿತು, ಮಲಗಿದ ಗಂಡು ಎದ್ದು ನಿಂತಿತು. ನಾನು ತಂತಿ ಜೋಡಿಸಿದೆ. ಮೊದಲ ಒಂದೇ ಧಬ್‌ಗೆ ಹೊಲ ಖಾಲಿಯಾಯಿತು.

ಅಲ್ಲೇ ಬದುವಿನ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ ಕೂತೆ. ‘ಎರಿ’ಯನ್ನು ಕತ್ತರಿಸಿ ನಡುನಡುವೆ ಮೌನ ಇಟ್ಟೆ. ಒಂದು ಕಡೆ ನಾಲ್ಕು ಸೆಕೆಂಡು, ಇನ್ನೊಂದು ಕಡೆ ಅರ್ಧ ನಿಮಿಷ, ಯಾವಾಗ ಬರುತ್ತದೆಂದು ನನಗೇ ನೆನಪಿಲ್ಲದಂತೆ. ಆ ಮೌನಗಳು ಗೌರೀಶರ ಹೆಸರು ಕಾಯಿ ಕಟ್ಟುವವರೆಗೂ ಹೊಲ ಕಾದವು. ಹತ್ತು ವರ್ಷದ ಸಂಗೀತದಲ್ಲಿ ಒಂದು ಸೆಕೆಂಡನ್ನೂ ಖಾಲಿ ಬಿಡದವನು ನಾನು. ಖಾಲಿ ಬಿಟ್ಟರೆ ಜನ ನನ್ನನ್ನು ಮರೆಯುತ್ತಾರೆಂಬ ಭಯ. ಹೇಗೆ ಸುಮ್ಮನಿರಬೇಕೆಂದು ನನಗೆ ಕಲಿಸಲು ಒಂದು ಹಿಂಡು ಚಿಗರಿ ಮತ್ತು ಎಪ್ಪತ್ತು ದಾಟಿದ ಒಬ್ಬ ಸೊಸೆ ಬೇಕಾಯಿತು.

ಒಂದು ಭಾನುವಾರ ಖುಷ್ಬೂ ಅಂಗಡಿಗೆ ಬಂದಳು. ಬಿ.ಎಡ್. ಮುಗಿಸಿ ಅಣ್ಣಿಗೇರಿ ಸಮೀಪದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಅತಿಥಿ ಶಿಕ್ಷಕಿಯಾಗಿ ಸೇರಿ ಎರಡು ವಾರವಾಗಿತ್ತು. ನನ್ನ ಚಿಗರಿ ಸಾಧನೆಯನ್ನು ಅವಳಿಗೆ ಹೇಳಬೇಕೆಂದು ಬಾಯಿ ತೆರೆದೆ. ಅವಳು ಕೂರಲಿಲ್ಲ. ದನಿ ಒಡೆದು ಗೊಗ್ಗರಾಗಿತ್ತು.

“ಬೀರಣ್ಣ, ನನ್ನ ದನಿ ನನಗ ತಿರುಗಿ ಕೊಡು,” ಎಂದಳು.

ಮೊದಲ ದಿನ ಒಂಬತ್ತನೆಯ ತರಗತಿಗೆ ಹೋಗಿ ಎಲ್ಲರೂ ಕುಂಡ್ರಿ ಎಂದಳಂತೆ. ಮೂರನೆಯ ಬೆಂಚಿನಿಂದ ಒಬ್ಬ ಹುಡುಗಿ ಮೆಲ್ಲಗೆ ಕುಬಿಹಾಳ ಎಂದಳು. ಉಳಿದ ನಲವತ್ತೈದು ಮಕ್ಕಳು ಹಾಳ, ಹಾಳ, ಹಾಳ ಎಂದು ಮುಗಿಸಿದರು. ಅವತ್ತಿನಿಂದ ಅವಳು ದಪ್ಪ ದನಿ ಮಾಡಿ ಪಾಠ ಹೇಳುತ್ತಿದ್ದಳು, ಗಂಟಲು ಹುಣ್ಣಾಗಿತ್ತು. ಹೆಡ್‌ಮಾಸ್ತರರು ಅವಳನ್ನು ಕರೆದು, ನಿಮ್ಮ ದನಿ ದಿನಾ ಮುಂಜಾನೆ ನಮ್ಮ ಹೊಲದಲ್ಲಿ ಕೇಳಿಸುತ್ತದಲ್ಲ, ಇದೇನು ಎಂದು ವಿಚಾರಿಸಿದ್ದರು.

ನಾನು ನಕ್ಕೆ. ಈಗ ನೀನೂ ಪ್ರಸಿದ್ಧಳಾದೆ ಎಂದೆ. ಬದುಕಿನಲ್ಲಿ ಆಡಬಾರದ ಮಾತುಗಳ ಪಟ್ಟಿಯಲ್ಲಿ ನಾನು ಇದನ್ನು ಬಹಳ ಮೇಲಿಡುತ್ತೇನೆ.

“ಒಂದು ಹಾಡಿಗೆ ಅಂತ ಕೇಳಿದ್ದಿ,” ಎಂದಳು ಅವಳು. “ನಾ ಒಂದಕ್ಕ ಹೂಂ ಅಂದಿದ್ದೆ.”

ಅಷ್ಟೇ ಹೇಳಿ ತಂದಿಟ್ಟ ಚಹಾ ಮುಟ್ಟದೆ ಹೋದಳು. ಮಹಬೂಬಸಾಬರು ಎಂದೂ ಸಿಟ್ಟಾಗದ ಮನುಷ್ಯ. ಅಂಗಡಿ ಮುಚ್ಚುವಾಗ ನನ್ನ ಟೋಪಿಯನ್ನು ಕೌಂಟರಿನಿಂದ ಎತ್ತಿ, ಧೂಳು ಝಾಡಿಸಿ, ನನ್ನ ಕೈಗೆ ಕೊಟ್ಟರು. ಆ ಝಾಡಿಸುವಿಕೆಯಲ್ಲಿ ಎಲ್ಲವೂ ಇತ್ತು.

ಮೂರು ವಾರ ಕೂತು ಅರವತ್ತೂ ಹಾಡುಗಳಿಂದ ಅವಳ ದನಿ ತೆಗೆದೆ. ಹಳೆಯ ಕಂಪ್ಯೂಟರ್ ಸುಟ್ಟುಹೋದಾಗ ಮೂಲ ಕಡತಗಳೂ ಹೋಗಿದ್ದವು. ಉಳಿದಿದ್ದ ಹಾಡುಗಳಲ್ಲಿ ದನಿ ಮತ್ತು ಸಂಗೀತ ಒಂದರೊಳಗೊಂದು ಬೆರೆತಿದ್ದವು. ದನಿ ಕತ್ತರಿಸಿದರೆ ಅಲ್ಲಿಯ ಸಂಗೀತವೂ ಹೋಗುತ್ತಿತ್ತು. ಮೊದಲಾಗಿದ್ದರೆ ಆ ತೂತುಗಳಿಗೆ ಡ್ರಮ್ಮು, ಸೈರನ್ನು, ಸಿಕ್ಕದ್ದನ್ನೆಲ್ಲ ತುಂಬುತ್ತಿದ್ದೆ. ಈಗ ಬಹಳಷ್ಟನ್ನು ಹೊಲಿದು ಮುಚ್ಚಿ, ಹಾಡಿಗೆ ಮೂರು ಮೂರು ಸೆಕೆಂಡಿನ ನಾಲ್ಕೋ ಐದೋ ತೂತನ್ನು ಹಾಗೇ ಬಿಟ್ಟೆ.

ಹೊಲಗಳ ‘ಎರಿ’ ಬದಲಿಸುವುದು ಸುಲಭವಾಯಿತು, ಚಿಗರಿಗಳು ಯಾರ ದನಿ ಎಂದು ಕೇಳುವುದಿಲ್ಲ. ಮನುಷ್ಯರದು ಕಷ್ಟ. ಸುಭಾಸನ ಬೈಕಿನ ಮೇಲೆ ಊರೂರು ತಿರುಗಿ, ಹಳೆಯ ಹಾಡು ಅಳಿಸಿ ಹೊಸದನ್ನು ಹಾಕಿಕೊಳ್ಳಿ ಎಂದು ಟ್ರ್ಯಾಕ್ಟರಿನವರಿಗೆ, ಟೆಂಪೋದವರಿಗೆ, ಬೇರೆ ಡಿಜೆಗಳಿಗೆ ಕೈ ಮುಗಿದೆ. ಒಬ್ಬರೂ ಒಪ್ಪಲಿಲ್ಲ. ಹೆಂಗಸಿನ ದನಿ ಇಲ್ಲದ್ದು ಡೂಪ್ಲಿಕೇಟ್ ಎಂದರು. ನಾನೇ ಡಿಜೆ ಬೀರ್ ಎಂದೆ. ಗುರುತಿನ ಚೀಟಿ ತೋರಿಸು ಎಂದರು. ಚೀಟಿಯಲ್ಲಿ ಬೀರಲಿಂಗ ಎಂದಿತ್ತು.

ಹಾಗಾದರೆ ನಾನಾದರೂ ಹೊಸದನ್ನೇ ಹಚ್ಚುತ್ತೇನೆಂದು ನಿರ್ಧರಿಸಿದೆ. ನಮ್ಮೂರಲ್ಲೇ ಒಂದು ಮದುವೆಯಿತ್ತು, ಮದುಮಗ ಸಿದ್ದರಾಮ. ಬೆಳಿಗ್ಗೆ ಹತ್ತಕ್ಕೆ ಮೆರವಣಿಗೆ ಹೊರಟಿತು. ನೂರು ಜನ ಕುಣಿಯುತ್ತಿದ್ದಾಗ ಮೊದಲ ತೂತು ಬಂತು. ಎಲ್ಲರೂ ಕೈ ಮೇಲೆತ್ತಿದವರು ಹಾಗೇ ನಿಂತರು. ಸುಭಾಸ ವೈರ್ ಹೋಯಿತೆಂದು ಟೆಂಪೋದ ಕೆಳಗೆ ತೂರಿದ. ಬೇಸ್ ತಿರುಗಿ ಬಿತ್ತು, ಕುಣಿತ ಶುರುವಾಯಿತು. ಎರಡನೆಯ ತೂತಿನಲ್ಲಿ ಮದುಮಗನ ಸೋದರತ್ತೆ, ಆ ಮೌನ ತಾಳಲಾರದೆಯೋ ಏನೋ, ‘ಸಿದ್ದರಾಮ’ ಎಂದು ಒಂದು ಕೂಗು ಹಾಕಿದಳು. ಮೂರನೆಯದರಲ್ಲಿ ನೂರು ಜನ ಕೂಗಿದರು. ನಾಲ್ಕನೆಯದು ಬರುವ ಮೊದಲೇ ಎಲ್ಲರೂ ಉಸಿರು ಹಿಡಿದು ಕಾಯುತ್ತಿದ್ದರು. ಕುದುರೆಯ ಮೇಲೆ ಕೂತ ಸಿದ್ದರಾಮ, ಹುಟ್ಟಿದಂದಿನಿಂದ ಯಾರ ಕಣ್ಣಿಗೂ ಬೀಳದೆ ಬದುಕಿದ ಸಂಕೋಚದ ಹುಡುಗ, ಅಳುತ್ತಿದ್ದ.

ಆ ತಿಂಗಳಲ್ಲೇ ಖಾಲಿ ಹಾಡು ಕೊಡು ಎಂದು ಜನ ಕೇಳಿಕೊಂಡು ಬಂದರು. ಒಂದೂರಲ್ಲಿ ಮದುಮಗಳ ಹೆಸರು ಕೂಗಿದರು, ಇನ್ನೊಂದೂರಲ್ಲಿ ಕಬಡ್ಡಿ ಗೆದ್ದವರ ಹೆಸರು. ಹಳೆಯ ಹಾಡುಗಳನ್ನು ಅವರೇ ಅಳಿಸಿದರು. ನನ್ನ ಸಂಗೀತದಲ್ಲಿ ಜನರಿಗೆ ಅತ್ಯಂತ ಹಿಡಿಸಿದ ಭಾಗವೆಂದರೆ ನಾನು ಏನೂ ಮಾಡದೆ ಸುಮ್ಮನಿದ್ದ ಆ ಮೂರು ಸೆಕೆಂಡು. ಯಾರು ಮಾಡಿದ್ದೆಂದು ಯಾರಿಗೂ ಗೊತ್ತಿಲ್ಲ, ಯಾರೂ ಕೇಳುವುದೂ ಇಲ್ಲ. ಮೊದಮೊದಲು ಹೊಟ್ಟೆ ಉರಿಯಿತು. ಈಗ ಊಟವಾದ ಮೇಲೆ ಮಾತ್ರ ಸ್ವಲ್ಪ ಉರಿಯುತ್ತದೆ.

ದೀಪಾವಳಿಯ ರಜೆಗೆ ಖುಷ್ಬೂ ಬಂದಾಗ, ಅವಳ ದನಿಯನ್ನು ನಾನು ಹೇಗೆ ಬಿಡಿಸಿಕೊಂಡು ಬಂದೆ ಎಂದು ಹೇಳಲು ಸಿದ್ಧನಾಗಿ ಕೂತಿದ್ದೆ. ಮೊದಲು ಕ್ಷಮೆ ಕೇಳಿದೆ. ಅದನ್ನು ಉದ್ದ ಮಾಡಲಿಲ್ಲ. ಆಮೇಲೆ ಕಥೆ ಹೇಳಿದೆ. ಅವಳು ಪೂರ್ತಿ ಕೇಳಿದಳು. ಅವಳ ದನಿ ಮೊದಲಿನಂತೆ ತಿಳಿಯಾಗಿತ್ತು.

“ಖಾಲಿ ಹಾಡು ಛೊಲೊ ಮಾಡೀದಿ,” ಎಂದಳು. “ಆದ್ರ ನನಗ ಅದರ ಜರೂರ ಬೀಳಲಿಲ್ಲ.”

ನನ್ನಲ್ಲಿಗೆ ಬಂದು ಹೋದ ಮರುದಿನವೇ ಅವಳು ತರಗತಿಗೆ ಹೋಗಿ, ಹಾಜರಿ ಪುಸ್ತಕ ತೆರೆಯುವ ಮೊದಲು, ಮೇಜಿನ ಮುಂದೆ ನೆಟ್ಟಗೆ ನಿಂತು ತಾನೇ ಹೇಳಿದಳಂತೆ: ಡಿಜೆ ಬೀರ್, ಕುಬಿಹಾಳ, ಹಾಳ, ಹಾಳ, ಹಾಳ. ಮಕ್ಕಳು ಬಾಯಿ ತೆರೆದು ಕೂತರು. ಪ್ರತಿಧ್ವನಿ ಎಂದರೇನು, ಅದು ಕೊನೆಯ ಅಕ್ಷರವನ್ನೇ ಏಕೆ ಹಿಡಿಯುತ್ತದೆ ಎಂದು ಅವತ್ತು ಶಬ್ದದ ಪಾಠ ಮಾಡಿದಳು. ಆಮೇಲೆ ಯಾರಿಗೂ ಅದರಲ್ಲಿ ರುಚಿ ಉಳಿಯಲಿಲ್ಲ. ನಾನು ಮೂರು ವಾರ ಕತ್ತರಿ ಹಿಡಿದು ಬೆವರುತ್ತಿದ್ದಾಗ ಅವಳ ಕೆಲಸ ನಲವತ್ತು ನಿಮಿಷದಲ್ಲಿ ಮುಗಿದಿತ್ತು.

ಮಕ್ಕಳಿಗೆ ಸದ್ದು ಹೇಗೆ ತಯಾರಾಗುತ್ತದೆಂದು ತೋರಿಸಬೇಕು, ಒಂದು ಶನಿವಾರ ಶಾಲೆಗೆ ಬಾ ಎಂದು ಕರೆದಳು. ನಾನು ಎಲೆಕ್ಟ್ರಾನಿಕ್ ಸಂಗೀತದ ಇತಿಹಾಸದ ಮೇಲೆ ಹನ್ನೆರಡು ಪುಟ ಬರೆದುಕೊಂಡು, ಲ್ಯಾಪ್‌ಟಾಪ್ ಹಿಡಿದು, ಎಂಟರ ಬಸ್ಸಿಗೆ ಹೋದೆ. ಶಾಲೆಯಲ್ಲಿ ಕರೆಂಟಿರಲಿಲ್ಲ. ಲ್ಯಾಪ್‌ಟಾಪಿನ ಬ್ಯಾಟರಿ ಮುಗಿದಿತ್ತು. ನಲವತ್ತಾರು ಮಕ್ಕಳು ನನ್ನ ಮುಖವನ್ನೇ ನೋಡುತ್ತಿದ್ದರು. ಹನ್ನೆರಡು ಪುಟದಲ್ಲಿ ಎರಡು ಸಾಲು ಓದುವಷ್ಟರಲ್ಲಿ ಹಿಂದಿನ ಬೆಂಚು ಆಕಳಿಸಿತು.

ಖುಷ್ಬೂ ಕಿಟಕಿಯ ಹತ್ತಿರ ಸ್ಟೂಲಿನ ಮೇಲೆ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದಳು. ತಲೆ ಎತ್ತದೆ, ಬಾಯಲ್ಲಿ ಮಾಡಿ ತೋರಸಪಾ ಎಂದಳು.

ಬಾಯಲ್ಲೇ ಬೇಸ್ ಹೊಡೆದೆ. ಎಡಗಡೆಯ ಬೆಂಚುಗಳಿಗೆ ಧಬ್ ಕೊಟ್ಟೆ, ಬಲಗಡೆಯವರಿಗೆ ಹಲ್ಲಿಗೆ ನಾಲಿಗೆ ಒತ್ತಿ ಛಕ್ ಎನ್ನಲು ಹೇಳಿದೆ. ಅದೇ ಮೂರನೆಯ ಬೆಂಚಿನ ಹುಡುಗಿ ಕಂಪಾಸ್ ಪೆಟ್ಟಿಗೆ ತಟ್ಟಿ ನನಗೆ ಗೊತ್ತಿಲ್ಲದ ಒಂದು ಲಯ ಹಿಡಿದಳು. ಅದನ್ನು ಹಿಂಬಾಲಿಸಲು ಹೋಗಿ ನಾನು ಎರಡು ಸಲ ತಪ್ಪಿದೆ. ತಪ್ಪಿದಾಗೆಲ್ಲ ಅವಳು ನಿಲ್ಲಿಸಿ, ಮತ್ತೆ ಮೊದಲಿಂದ ಎಂದು ಬೆರಳು ಎತ್ತಿದಳು. ಮೂರನೆಯ ಸಲಕ್ಕೆ ನನಗೆ ಬಂತು.